ಎಡಭುಜದ ಅಳತೆ

ಬೆಳಗಾವಿ ಕ್ಯಾಂಪಿನ ಆ ತುದಿಗೆ ನಮ್ಮ ಅಂಗಡಿ.
ಅಜ್ಜ ಹಾಕಿಸಿದ ಫಳಿ, ಅಪ್ಪ ಕೊಂಡ ಮಷಿನ್ನು,
ನನ್ನದು ಅಂತ ಇದ್ದದ್ದು ಈ ಕತ್ತರಿ, ಈ ಬೆನ್ನುನೋವು.
ಆಷಾಢದ ಜಿಟಿಜಿಟಿಯಲ್ಲಿ ಒಂದು ಮಧ್ಯಾಹ್ನ
ಕೋಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಂದ
ಹವಾಲ್ದಾರ ಭರಮಪ್ಪ ಮುತ್ನಾಳ.
ಕೋಟು ನೆನೆದಿರಲಿಲ್ಲ. ಅವನು ನೆನೆದಿದ್ದ.

“ಇಲ್ಲೊಂದು ಹುಕ್ಕು ಹಚ್ಚಿಕೊಡ್ರಿ ರೇಳೇಕರ,
ಎಡಗಡೆ, ಕಿಸೆದ ಮ್ಯಾಲೆ.
ಶುಕ್ರವಾರ ದೊಡ್ಡ ಸಾಹೇಬ್ರು ಬಂದು ಪದಕ ಸಿಗಸ್ತಾರ.
ಅವರಿಗೆ ಪಿನ್ನು ಚುಚ್ಚೋ ತ್ರಾಸ ಇರಬಾರದಂತ.”

ನಲವತ್ತು ವರ್ಷ ಹಚ್ಚಿದ್ದೇನೆ ಇಂಥ ಹುಕ್ಕು.
ಎಂಟು ಹೊಲಿಗೆ, ಒಂದು ಗಂಟು, ಎರಡು ನಿಮಿಷ.
ಆದರೂ ಮೈಮೇಲೆ ನೋಡದೆ ಸೂಜಿ ಎತ್ತಬಾರದು,
ಅದು ಅಪ್ಪನ ಮಾತು.
ತೊಡಿಸಿ ಕನ್ನಡಿಗೆ ನಿಲ್ಲಿಸಿದೆ.
ಬಲಭುಜ ನೆಟ್ಟಗೆ. ಎಡಭುಜ ಮುಕ್ಕಾಲು ಇಂಚು ಕೆಳಗೆ.
ಮೂರು ವರ್ಷದ ಹಿಂದೆ ಈ ಕೋಟಿಗೆ ಅಳತೆ ತಗೊಂಡವನು ನಾನೇ;
ವಹಿ ತೆಗೆದೆ:
ಎರಡೂ ಸಮ ಅಂತ ನನ್ನದೇ ಅಕ್ಷರ.

ಪೇಪರಿನಲ್ಲಿ ಓದಿದ್ದೆ. ಊರೆಲ್ಲ ಓದಿತ್ತು.
‘ಪ್ರಾಣದ ಹಂಗು ತೊರೆದು’ ಅಂತಿತ್ತು,
‘ಅಪ್ರತಿಮ’ ಅಂತ ಎರಡು ಸಲ.
ಹಿಮದ ದಿಬ್ಬ, ರಾತ್ರಿ, ಮೇಲಿಂದ ಗುಂಡು,
ಗಾಯಗೊಂಡ ಸಂಗಾತಿಯನ್ನು ಹೆಗಲಿಗೆ ಹೊತ್ತು
ಐದು ತಾಸು ಇಳಿದದ್ದು.
ಎಷ್ಟು ತೂಕ ಅಂತ ಬರೆದಿರಲಿಲ್ಲ.

ಟೇಪು ಎಡಕ್ಕೆ ಹೋದಾಗ
ಅವನ ಮೈ ಒಂದೆಳೆ ಹಿಂದೆ ಸರಿಯಿತು,
ಬಿಸಿ ಇಸ್ತ್ರಿ ಕಂಡ ರೇಷ್ಮೆ ಹಾಗೆ.

“ಒಳಗ ಹತ್ತಿ ಇಡತೇನ್ರಿ,” ಅಂದೆ, “ಮುಕ್ಕಾಲು ಇಂಚು.
ಯಾರಿಗೂ ತಿಳಿಯಂಗಿಲ್ಲ. ಫೋಟೋದಾಗ ಸಮ ಕಾಣತದ.”
ಅವನು ಕನ್ನಡಿ ಬಿಟ್ಟು ಬೀದಿ ನೋಡಿದ.
ಮೀನು ಮಾರ್ಕೆಟ್ಟಿನ ಕಡೆಯಿಂದ
ಸೈಕಲ್ಲೊಂದು ನೀರು ಸೀಳುತ್ತ ಹೋಯಿತು.
“ಬ್ಯಾಡ್ರಿ. ಹತ್ತಿ ತುಂಬಿದ್ರ ಅವ ಎಲ್ಲಿ ಕುಂದ್ರಬೇಕು?”

ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.
“ಉಳೀಲಿಲ್ಲೇನ್ರಿ ಆ ಹುಡುಗ?”

“ಉಳದಾನ್ರಿ! ಉಳೀದೇ ಏನು.
ಗೋಕಾಕದಾಗ ಬ್ಯಾಂಕಿನ್ಯಾಗ ಟೋಕನ್ ಕೊಡತಾನ, ಕುರ್ಚಿ ಮ್ಯಾಲೆ ಕುಂತು.
ಮೊಳಕಾಲ ಕೆಳಗ ಒಂದು ಕಾಲಿಲ್ಲ.
ಆಗಾಗ ರಾತ್ರಿ ಫೋನ್ ಹಚ್ಚತಾನ. ಕುಡದಿದ್ರ ಬೈತಾನ,
ಯಾಕ ಹೊತ್ತು ತಂದೀ ಮಗನ, ಅಲ್ಲೇ ಬಿಡಬೇಕಿತ್ತು ಅಂತ.
ಕುಡೀದಿದ್ರ ಮಾತೇ ಆಡಂಗಿಲ್ಲ,
ಮಗಳ ಕೈಯಾಗ ಕೊಡತಾನ ಫೋನು.
ಆಕಿ ಒಂದರಿಂದ ಇಪ್ಪತ್ತರ ತನಕ ಎಣಿಸಿ ಕೇಳಸತಾಳ.
ಪ್ರತಿ ಸಲ ಹದಿಮೂರು ಬಿಡತಾಳ.”
ನಕ್ಕ. ನಗುವಾಗಲೂ ಭುಜ ಮೇಲೇರಲಿಲ್ಲ.

ಹತ್ತಿ ಡಬ್ಬಿ ಮುಚ್ಚಿದೆ.
ಎದೆ ಹೇಗೇ ವಾಲಿರಲಿ,
ಪದಕ ಮಾತ್ರ ನೆಲಕ್ಕೆ ನೆಟ್ಟಗೆ ತೂಗಬೇಕು.
ಹುಕ್ಕಿಗೆ ದಾರದಲ್ಲಿ ಸೀಸದ ಗುಂಡು ಇಳಿಬಿಟ್ಟು
ಎರಡು ಸಲ ಬಿಚ್ಚಿ ಮೂರನೆಯ ಸಲ ಹೊಲಿದೆ.
ಎಂಟಲ್ಲ, ಹದಿಮೂರು ಹೊಲಿಗೆ. ಎಣಿಸಿದ್ದು ಆಮೇಲೆ.

ದುಡ್ಡು ಬೇಡವೆಂದೆ.
ಇಪ್ಪತ್ತು ರೂಪಾಯಿ ಮಷಿನ್ನಿನ ಮೇಲಿಟ್ಟ:
“ಪುಕ್ಕಟೆ ಹುಕ್ಕಿಗೆ ಪದಕ ನಿಲ್ಲಂಗಿಲ್ರಿ.”

ಶುಕ್ರವಾರ ಷಟರ್ ಅರ್ಧ ಇಳಿಸಿ ಹೋದೆ.
ಪಾಸು ಇರಲಿಲ್ಲ. ಮೈದಾನದ ಗೋಡೆಯಾಚೆ
ಹಾಲಿನ ಕ್ಯಾನಿನವನ ಪಕ್ಕ ಕಲ್ಲು ಹತ್ತಿ ನಿಂತೆ.
ಬರೀ ಬೆನ್ನುಗಳು, ಸಾಲಾಗಿ,
ಗೆರೆ ಎಳೆದಂಥ ಭುಜಗಳು.
ಒಂದು ಮಾತ್ರ ಎಡಕ್ಕೆ ಜಾರಿದ್ದು.
ಮೈಕಿನಲ್ಲಿ ಅದೇ ‘ಅಪ್ರತಿಮ’, ಈಗ ಹಿಂದಿಯಲ್ಲಿ.
ಸಾಹೇಬರ ಕೈ ಎದೆಯ ಹತ್ತಿರ ಹೋಯಿತು,
ಹುಡುಕಿತು,
ತಡವರಿಸಿತು.
ನನ್ನ ಉಸಿರು ಗೋಡೆಯ ಮೇಲೇ ಉಳಿಯಿತು.

ಸಿಕ್ಕಿತು.

ಬ್ಯಾಂಡು ಎದ್ದಿತು. ಹಾಲಿನವನು ಕ್ಯಾನು ಎತ್ತುತ್ತ ಕೇಳಿದ,
“ಯಾರ್ರೀ ಅವ, ಸೊಟ್ಟ ನಿಂತಾನಲಾ?”
“ಗಿರಾಕಿ,” ಅಂದೆ.